ಜೀನ್ಸ್ ಊರಿನವರು ಹಿಮ ನೋಡಲು ಹೊರಟಾಗ

ಹೋದ ಜನವರಿಯಲ್ಲಿ ಮನಾಲಿ ಹತ್ತಿರದ ಸೋಲಂಗ್ ಕಣಿವೆಯಲ್ಲಿ ನಿಂತಿದ್ದೆ. ಬೆನ್ನ ಹಿಂದೆ ಎಳೆಯ ದನಿಯೊಂದು ಅಳುತ್ತಿತ್ತು: ‘ಯಪ್ಪಾ, ನನ್ನ ಕಾಲು ಎಲ್ಲೆದಾವ ಅಂತ ಗೊತ್ತಾಗವಲ್ದು.’ ತಿರುಗಿ ನೋಡಿದರೆ ನಮ್ಮ ಕಡೆಯವರೇ, ಗಂಗಾವತಿಯ ಕುಟುಂಬ. ಎಂಟು ವರ್ಷದ ಹುಡುಗ. ಮೊಣಕಾಲಿನವರೆಗೂ ತೊಯ್ದ ಜೀನ್ಸ್, ಶಾಲೆಯ ತೆಳು ಸಾಕ್ಸ್, ಕ್ಯಾನ್ವಾಸ್ ಶೂ. ಮೂರು ದಿನ ಪ್ರಯಾಣ ಮಾಡಿ ಬಂದವರು ಅರ್ಧ ಗಂಟೆಯಲ್ಲಿ ಗಾಡಿ ಹತ್ತಿ ಹೋಟೆಲ್ಲಿಗೆ ಮರಳಿದರು.

ಮನೆಯವರು, ಗೆಳೆಯರ ಜೊತೆ ನಾನು ನಾಲ್ಕು ಸಲ ಹಿಮದ ಊರುಗಳಿಗೆ ಹೋಗಿದ್ದೇನೆ. ಪ್ರತಿ ಸಲವೂ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯವರು ಸಿಗುತ್ತಾರೆ, ಪ್ರತಿ ಸಲವೂ ಯಾರೋ ಒಬ್ಬರು ಹೀಗೆ ನಡುಗುತ್ತಿರುತ್ತಾರೆ. ಟಿಕೆಟ್, ಹೋಟೆಲ್, ಗಾಡಿ ಎಲ್ಲ ಸರಿ ಮಾಡಿಕೊಂಡಿರುತ್ತಾರೆ. ಎಡವುವುದು ಬಟ್ಟೆಯಲ್ಲಿ. ಬಿಸಿಲಿನಲ್ಲಿ ಬೆಳೆದ ನಮಗೆ ಥಂಡಿ ಎಂದರೆ ಒಂದು ಸ್ವೆಟರ್, ಒಂದು ಮಂಕಿ ಕ್ಯಾಪು. ಹಿಮಕ್ಕೆ ಅದು ಸಾಲದು. ಹಾಗಾಗಿ ಈ ಲೇಖನದಲ್ಲಿ ಬಟ್ಟೆಯ ಮಾತೇ ಹೆಚ್ಚು.

ಹೆಜ್ಜೆ 1: ತಿಂಗಳು ಮತ್ತು ಜಾಗ

ಹಿಮ ಬೀಳುವುದನ್ನೇ ನೋಡಬೇಕೆಂದರೆ ಜನವರಿ ನಡುವಿನಿಂದ ಫೆಬ್ರುವರಿ ನಡುವಿನ ತನಕ ಹೋಗಿ. ಕ್ರಿಸ್‌ಮಸ್ ರಜೆಯಲ್ಲಿ ಮನಾಲಿ ಪೇಟೆಯಲ್ಲಿ ಹಿಮ ಇರಲೂಬಹುದು, ಇಲ್ಲದಿರಲೂಬಹುದು. ಜನಜಂಗುಳಿ ಮಾತ್ರ ಇದ್ದೇ ಇರುತ್ತದೆ. ಮನಾಲಿ ಸುಮಾರು 2,050 ಮೀಟರ್ ಎತ್ತರದಲ್ಲಿದೆ. 2020ರ ಅಕ್ಟೋಬರ್‌ನಲ್ಲಿ ತೆರೆದ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗ ದಾಟಿದರೆ ಸಿಗುವ ಸಿಸ್ಸು ಎಂಬ ಊರು 3,000 ಮೀಟರಿಗೂ ಮೇಲೆ. ಸಾವಿರ ಮೀಟರ್ ಏರಿದರೆ ಉಷ್ಣಾಂಶ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಪೇಟೆಯಲ್ಲಿ ಬರೀ ಕೆಸರಿದ್ದ ದಿನವೂ ಸಿಸ್ಸುವಿನಲ್ಲಿ ಹಿಮ ಸಿಗುವುದು ಇದರಿಂದಲೇ.

ಮೊದಲ ಸಲ ನಮಗೆ ಒಬ್ಬ ಏಜೆಂಟ್ ‘ಜನವರಿಯಲ್ಲಿ ರೋಹ್ತಾಂಗ್ ಗ್ಯಾರಂಟಿ’ ಎಂದು ಹೇಳಿ ಮುಂಗಡ ತೆಗೆದುಕೊಂಡಿದ್ದ. 3,978 ಮೀಟರ್ ಎತ್ತರದ ಆ ಕಣಿವೆದಾರಿ ಚಳಿಗಾಲದಲ್ಲಿ ಹಿಮಕ್ಕೆ ಮುಚ್ಚಿಹೋಗಿರುತ್ತದೆ. ಜನವರಿಗೆ ರೋಹ್ತಾಂಗ್ ತೋರಿಸುತ್ತೇನೆ ಎನ್ನುವವರ ಹತ್ತಿರ ಬೇರೆ ಯಾವ ವ್ಯವಹಾರವನ್ನೂ ಇಟ್ಟುಕೊಳ್ಳಬೇಡಿ.

ಹೆಜ್ಜೆ 2: ಟಿಕೆಟ್

ಕರ್ನಾಟಕ ಎಕ್ಸ್‌ಪ್ರೆಸ್ ರಾಯಚೂರಿನ ಮೇಲೇ ದೆಹಲಿಗೆ ಹೋಗುತ್ತದೆ. ಬಳ್ಳಾರಿ, ಕೊಪ್ಪಳದವರು ಗುಂತಕಲ್ಲಿನಲ್ಲಿ ಹತ್ತಿಕೊಳ್ಳಬಹುದು. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಡಿಸೆಂಬರ್, ಜನವರಿಯಲ್ಲಿ ಉತ್ತರದ ಮಂಜಿಗೆ ರೈಲು ಗಂಟೆಗಟ್ಟಲೆ ತಡವಾಗುವುದುಂಟು. ಇಳಿದ ಸಂಜೆಯೇ ಮನಾಲಿ ಬಸ್ಸು ಬುಕ್ ಮಾಡಬೇಡಿ, ದೆಹಲಿಯಲ್ಲಿ ಒಂದು ರಾತ್ರಿ ಉಳಿಯಿರಿ. ಮನಾಲಿಗೆ ಇನ್ನೂ ಐನೂರು ಕಿಲೋಮೀಟರಿಗೂ ಹೆಚ್ಚು ದಾರಿಯಿದೆ, ಮಕ್ಕಳು, ಹಿರಿಯರಿಗೆ ಮೈ ಹಗುರಾಗಿರಬೇಕು.

ಹೆಜ್ಜೆ 3: ಜೀನ್ಸ್ ಮನೆಯಲ್ಲಿಡಿ

ಇದನ್ನು ಬಳ್ಳಾರಿಯವನೇ ಹೇಳುತ್ತಿದ್ದೇನೆ. ನಮ್ಮೂರಲ್ಲಿ ಹೊಲಿದ ಜೀನ್ಸ್ ಎಲ್ಲೆಲ್ಲಿಗೋ ಹೋಗುತ್ತದೆ, ನನ್ನ ನೆಂಟರಲ್ಲೇ ಎಷ್ಟೋ ಜನ ಆ ಕೆಲಸದಿಂದ ಬದುಕಿದ್ದಾರೆ. ಆದರೆ ಹಿಮದ ಮೇಲೆ ಜೀನ್ಸ್‌ನಷ್ಟು ಕೆಟ್ಟ ಬಟ್ಟೆ ಇನ್ನೊಂದಿಲ್ಲ. ಅದು ದಪ್ಪ ಹತ್ತಿ. ಹತ್ತಿ ನೀರು ಕುಡಿಯುತ್ತದೆ, ಕುಡಿದದ್ದನ್ನು ಬಿಡುವುದಿಲ್ಲ. ಒದ್ದೆ ಬಟ್ಟೆ ಕಾಲಿಗೆ ಅಂಟಿಕೊಂಡಿತೆಂದರೆ ಮೈಯ ಶಾಖ ಹರಿದುಹೋದಂತೆಯೇ, ಏಕೆಂದರೆ ನೀರು ಗಾಳಿಗಿಂತ ಸುಮಾರು ಇಪ್ಪತ್ತೈದು ಪಟ್ಟು ವೇಗದಲ್ಲಿ ಶಾಖ ಸಾಗಿಸುತ್ತದೆ. ಎರಡನೇ ಸಲ ಹೋದಾಗ ನನ್ನ ಗೆಳೆಯ ತೊಯ್ದ ಜೀನ್ಸನ್ನು ರಾತ್ರಿ ಹೋಟೆಲಿನ ಬಾಲ್ಕನಿಯಲ್ಲಿ ಒಣಹಾಕಿದ್ದ. ಬೆಳಿಗ್ಗೆ ತೆಗೆದಾಗ ಅದು ಹಲಗೆಯಂತೆ ಸೆಟೆದಿತ್ತು, ಗೋಡೆಗೆ ಆನಿಸಿದರೆ ತಾನೇ ನಿಂತಿತು. ಮಡಚಲು ಹೋದರೆ ಒಳಗಿನ ಐಸು ಕರಕರ ಎಂದಿತು.

ಟೀ ಶರ್ಟು, ಬನಿಯನ್ನು, ಹತ್ತಿ ಲೆಗ್ಗಿಂಗಿಗೂ ಇದೇ ಮಾತು. ಮೈಗೆ ತಾಗುವ ಬಟ್ಟೆ ಹತ್ತಿಯದಾಗಿರಬಾರದು. ಡಿಸೆಂಬರ್ ಬಂದರೆ ನಮ್ಮ ಅಂಗಡಿಗಳಲ್ಲಿ ಅಗ್ಗದ ಥರ್ಮಲ್ (ಚಳಿಗೆ ಒಳಗೆ ಹಾಕುವ ಬಟ್ಟೆ) ತೂಗುಹಾಕುತ್ತಾರಲ್ಲ, ಕೊರಳ ಹಿಂದಿನ ಚೀಟಿ ಓದಿ. ಕಾಟನ್ ಎಂದಿದ್ದರೆ ಅದು ಮನೆಯಲ್ಲಿ ಮಲಗಲು ಸರಿ, ಹಿಮಕ್ಕಲ್ಲ. ಪಾಲಿಸ್ಟರ್ ಅಥವಾ ಉಣ್ಣೆ ಬೇಕು. ಒಬ್ಬೊಬ್ಬರಿಗೆ ಎರಡು ಜೊತೆ ಸಾಕು.

ಹೆಜ್ಜೆ 4: ಉಡುವ ಕ್ರಮ

ಎಲ್ಲರೂ ಕೆಡಿಸಿಕೊಳ್ಳುವುದು ಇಲ್ಲೇ, ಸಾವಕಾಶವಾಗಿ ಓದಿ.

ಮೈ ಬೆಚ್ಚಗಿಡುವುದು ಬಟ್ಟೆಯ ದಪ್ಪವಲ್ಲ, ಬಟ್ಟೆ ಬಟ್ಟೆಯ ನಡುವೆ ಅಲುಗದೆ ನಿಲ್ಲುವ ಗಾಳಿ. ಒಂದು ದೊಡ್ಡ ಕೋಟಿಗಿಂತ ಮೂರು ಸಾಧಾರಣ ಬಟ್ಟೆ ಮೇಲು ಎನ್ನುವುದು ಅದಕ್ಕೇ. ಮೈಗೆ ಅಂಟುವಂತೆ ಥರ್ಮಲ್. ಅದರ ಮೇಲೆ ಉಣ್ಣೆ ಸ್ವೆಟರ್ ಅಥವಾ ಫ್ಲೀಸ್ (ಪಾಲಿಸ್ಟರಿನ ಮೆತ್ತನೆ ಬಟ್ಟೆ), ಸ್ವಲ್ಪ ಸಡಿಲ. ಎಲ್ಲಕ್ಕೂ ಮೇಲೆ ಗಾಳಿ, ನೀರು ಒಳಬಿಡದ ಜಾಕೆಟ್ಟು, ಪ್ಯಾಂಟು. ಒಂದರ ಮೇಲೊಂದು ಬಿಗಿಯಾಗಿ ತುರುಕಿದರೆ ನಡುವಿನ ಗಾಳಿ ಸತ್ತುಹೋಗುತ್ತದೆ. ಐದು ಸ್ವೆಟರ್ ಹಾಕಿಯೂ ನಡುಗುವವರನ್ನು ನೋಡಿದ್ದೇನೆ.

ಉಡುವ ಮೊದಲು ಮೈ ಪೂರ್ತಿ ಒಣಗಿರಬೇಕು. ಬೆಳಿಗ್ಗೆ ಎದ್ದು ತಲೆಸ್ನಾನ ಮಾಡುವುದು ನಮ್ಮ ರೂಢಿ. ಹಿಮಕ್ಕೆ ಹೋಗುವ ದಿನ ಅದನ್ನು ಬಿಡಿ. ಸ್ನಾನ ಹಿಂದಿನ ಸಂಜೆಯೇ ಆಗಲಿ. ಉದ್ದ ಕೂದಲಿನ ಹೆಣ್ಣುಮಕ್ಕಳಿಗಂತೂ ಬುಡ ಒಣಗಲು ಅಲ್ಲಿ ಅರ್ಧ ದಿನ ಬೇಕು, ಹಸಿ ಕೂದಲಿನ ಮೇಲೆ ಟೊಪ್ಪಿಗೆ ಹಾಕಿದರೆ ತಲೆ ತಣ್ಣಗೇ ಇರುತ್ತದೆ.

ಇನ್ನು ಕಾಲು. ಚಳಿ ಮೊದಲು ಹಿಡಿಯುವುದು ಕಾಲ್ಬೆರಳನ್ನು. ಶೂ ತುಂಬುವಂತೆ ಎರಡು ದಪ್ಪ ಸಾಕ್ಸ್ ಹಾಕುವುದು ದೊಡ್ಡ ತಪ್ಪು. ಬೆರಳು ಒತ್ತಿದರೆ ರಕ್ತ ಹರಿಯದು, ರಕ್ತ ಹರಿಯದಿದ್ದರೆ ಎಷ್ಟು ಉಣ್ಣೆ ಸುತ್ತಿದರೂ ಕಾಲು ತಣ್ಣಗೇ ಇರುತ್ತದೆ. ಒಂದು ತೆಳು ಸಾಕ್ಸ್, ಅದರ ಮೇಲೆ ಒಂದು ಉಣ್ಣೆ ಸಾಕ್ಸ್, ನಿಮ್ಮ ಅಳತೆಗಿಂತ ಒಂದು ಸೈಜ್ ದೊಡ್ಡ ಬೂಟು. ಹಾಕಿಕೊಂಡ ಮೇಲೆ ಐದೂ ಬೆರಳು ಆಡಿಸಿ ನೋಡಿ. ಆಡದಿದ್ದರೆ ಬಿಚ್ಚಿ ಬೇರೆ ಹಾಕಿ. ಸಾಕ್ಸ್ ಮೇಲೆ ಪ್ಲಾಸ್ಟಿಕ್ ಚೀಲ ಕಟ್ಟುವ ಉಪಾಯವನ್ನು ಅಲ್ಲಿ ಯಾರಾದರೂ ಹೇಳಿಕೊಡುತ್ತಾರೆ. ಅರ್ಧ ಗಂಟೆಗೆ ನಡೆಯುತ್ತದೆ, ಆಮೇಲೆ ಬೆವರು ಒಳಗೇ ನಿಂತು ಕಾಲು ಒದ್ದೆಯಾಗುತ್ತದೆ. ಬೂಟು ಸೋರಿದಾಗ ಬೇರೆ ದಾರಿಯಿಲ್ಲದಿದ್ದರೆ ಮಾತ್ರ ಮಾಡಿ.

ಕಾಲುಂಗುರದ ಮಾತು ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಬೂಟಿನೊಳಗೆ ಅದು ಬೆರಳನ್ನು ಒತ್ತುತ್ತದೆ, ಬೆರಳು ಊದಿಕೊಂಡರೆ ಹೊರಗೆ ಬರುವುದೂ ಇಲ್ಲ. ತೆಗೆಯಲು ಮನಸ್ಸಿಲ್ಲದವರು ಸಡಿಲ ಮಾಡಿಕೊಳ್ಳಲಿ. ಬಾಯಿ ತೆರೆದ ಬೆಳ್ಳಿ ಕಾಲುಂಗುರವನ್ನು ಕೈಯಲ್ಲೇ ಅಗಲಿಸಬಹುದು. ಬಿಗಿ ಉಂಗುರ, ಬಳೆಗಳನ್ನೂ ಹೋಟೆಲಿನಲ್ಲೇ ತೆಗೆದಿಡಿ.

ಸೀರೆ ಉಡುವವರಿಗೆ ಇನ್ನೊಂದು ಮಾತು. ಸೀರೆಯ ಅಂಚು ಹಿಮವನ್ನು ಗುಡಿಸುತ್ತಾ ಹೋಗುತ್ತದೆ, ಹತ್ತು ನಿಮಿಷಕ್ಕೆ ಮೊಣಕಾಲಿನವರೆಗೆ ಒದ್ದೆ. ನಮ್ಮವ್ವ ಜೀವಮಾನದಲ್ಲಿ ಪ್ಯಾಂಟು ಹಾಕಿದವಳಲ್ಲ. ಮೊದಲ ದಿನ ಸೀರೆಯಲ್ಲೇ ಬಂದು ಗಾಡಿಯಲ್ಲೇ ಕೂತುಬಿಟ್ಟಳು. ಎರಡನೇ ದಿನ ನನ್ನ ಹೆಂಡತಿ ರೂಮಿನ ಬಾಗಿಲು ಹಾಕಿಕೊಂಡು, ‘ಅತ್ತಿ, ಇಲ್ಲಿ ನಿಮ್ಮನ್ನ ಗುರ್ತಿಸವ್ರು ಯಾರಿಲ್ಲ, ಒಂದಿನ ಹಾಕ್ಕೊಂಡು ನೋಡ್ರಿ’ ಎಂದು ಥರ್ಮಲ್, ಉಣ್ಣೆ ಪೈಜಾಮ, ಅದರ ಮೇಲೆ ಬಾಡಿಗೆಗೆ ತಂದ ಹಿಮದ ಸೂಟು ಹಾಕಿಸಿದಳು. ಅವ್ವ ಅವತ್ತು ಎರಡು ತಾಸು ಹಿಮದ ಮೇಲೆ ಕೂತಿದ್ದಳು. ಬೊಗಸೆ ತುಂಬ ಹಿಮ ತೆಗೆದುಕೊಂಡು, ‘ಉಪ್ಪಿನಂಗ ಐತಲ್ಲೋ, ಕೈಯಾಗ ನಿಲ್ಲವಲ್ದು ನೋಡು’ ಎಂದಳು. ಹಿರಿಯರಿದ್ದ ಮನೆಯವರು ಈ ಮಾತನ್ನು ಊರಲ್ಲೇ ಆಡಿ ಒಪ್ಪಿಸಿಕೊಂಡು ಹೋಗಿ, ಅಲ್ಲಿ ಒಂದು ದಿನ ಹಾಳಾಗುವುದು ಬೇಡ.

ಕೈಗೆ ರಸ್ತೆಬದಿಯಲ್ಲಿ ಮಾರುವ ಹೆಣೆದ ಗ್ಲೌಸ್ ಒಂದನ್ನೇ ನೆಚ್ಚಬೇಡಿ. ಮೊದಲ ಹಿಮದುಂಡೆಗೇ ಒದ್ದೆಯಾಗುತ್ತದೆ. ಒಳಗೆ ಅದು, ಹೊರಗೆ ನೀರು ಬಿಡದ ಗ್ಲೌಸ್. ಚಿಕ್ಕ ಮಕ್ಕಳಿಗೆ ನಾಲ್ಕು ಬೆರಳು ಒಟ್ಟಿಗೆ ಇರುವಂಥದ್ದನ್ನೇ ತನ್ನಿ, ಬೆರಳಿಗೆ ಬೆರಳು ತಾಗಿ ಬೆಚ್ಚಗಿರುತ್ತದೆ. ಎರಡು ಗ್ಲೌಸಿಗೂ ಒಂದು ಲಾಡಿ ಕಟ್ಟಿ ಜಾಕೆಟ್ಟಿನ ತೋಳಿನೊಳಗಿಂದ ಹಾಯಿಸಿ, ಕಳೆದುಹೋಗುವುದಿಲ್ಲ. ತಲೆಗೆ ಮಂಕಿ ಕ್ಯಾಪು ನನಗೆ ಹಿಡಿಸದು, ಬಾಯಿಯ ಹತ್ತಿರ ಉಸಿರಿಗೆ ತೊಯ್ದು ತಣ್ಣಗಾಗುತ್ತದೆ. ಕಿವಿ ಮುಚ್ಚುವ ಉಣ್ಣೆ ಟೊಪ್ಪಿಗೆ, ಕೊರಳಿಗೆ ಮಫ್ಲರ್. ಇಷ್ಟೇ.

ಕಂಬಳಿ ಒಯ್ಯಬೇಕೇ ಎಂದು ಕೇಳುತ್ತಾರೆ. ನಾನು ಒಂದು ಒಯ್ಯುತ್ತೇನೆ. ಹುಣಸೆ ಬೀಜದ ಗಂಜಿ ಕೊಟ್ಟು ಬಿರುಸು ಮಾಡಿದ ನಮ್ಮ ಕುರಿ ಕಂಬಳಿಯೊಳಗೆ ಗಾಳಿ ಸುಲಭಕ್ಕೆ ನುಗ್ಗದು. ಕುರಿ ಕಾಯುವವರು ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಅದರಲ್ಲೇ ದಿನ ಕಳೆಯುತ್ತಾರೆ. ತೂಕ ಜಾಸ್ತಿ, ನಿಜ. ರಾತ್ರಿ ಬಸ್ಸಿನಲ್ಲಿ ಇಬ್ಬರು ಮಕ್ಕಳ ಕಾಲ ಮೇಲೆ ಹೊದಿಸಿದಾಗ ಆ ತೂಕ ಸಾರ್ಥಕ.

ಹೆಜ್ಜೆ 5: ಬಾಡಿಗೆ ಸೂಟು, ಬೂಟು

ಜಾಕೆಟ್ಟು, ಪ್ಯಾಂಟು, ಬೂಟು ಕೊಳ್ಳಬೇಕಿಲ್ಲ. ಮನಾಲಿಯಿಂದ ಸೋಲಂಗ್ ದಾರಿಯುದ್ದಕ್ಕೂ ಬಾಡಿಗೆ ಅಂಗಡಿಗಳಿವೆ. ಡ್ರೈವರ್ ನಿಲ್ಲಿಸಿದ ಮೊದಲ ಅಂಗಡಿಯಲ್ಲೇ ತೆಗೆದುಕೊಳ್ಳಬೇಡಿ, ಎರಡು ಮೂರು ನೋಡಿ, ಚೌಕಾಶಿ ಮಾಡಿ. ಬೂಟಿನೊಳಗೆ ಕೈ ಹಾಕಿ ಬೆರಳ ತುದಿಯ ಭಾಗ ಮುಟ್ಟಿ ನೋಡಿ. ಹಿಂದಿನ ದಿನ ಹಾಕಿಕೊಂಡವರ ಹಸಿ ಅಲ್ಲೇ ಉಳಿದಿರುತ್ತದೆ. ತೇವವಿದ್ದರೆ ವಾಪಸು ಕೊಡಿ, ಅಂಗಡಿಯವರು ಏನೇ ಅನ್ನಲಿ. ಸೂಟಿನ ಜಿಪ್ಪನ್ನು ಕೊರಳ ತನಕ ಎಳೆದು ನೋಡಿ. ಪ್ಯಾಂಟಿನ ಅಂಚು ಬೂಟಿನ ಹೊರಗೆ ಬರಲಿ. ಒಳಗೆ ಸಿಕ್ಕಿಸಿದರೆ ಹಿಮ ಜಾರಿ ನೇರ ಬೂಟಿಗೇ ಬೀಳುತ್ತದೆ.

ಹೆಜ್ಜೆ 6: ಹಿಮದ ಮೇಲೆ

ಕಪ್ಪು ಕನ್ನಡಕ ಮಕ್ಕಳಿಗೂ ಬೇಕೇ ಬೇಕು. ಹೊಸ ಹಿಮ ಬಿಸಿಲಿನ ಬಹುಪಾಲನ್ನು ಹಾಗೇ ಕಣ್ಣಿಗೆ ಎಸೆಯುತ್ತದೆ, ಸಂಜೆಗೆ ಕಣ್ಣಲ್ಲಿ ಮರಳು ಬಿದ್ದಂತೆ ಉರಿಯುತ್ತದೆ. ತುಟಿಗೆ ವ್ಯಾಸಲೀನ್ ಅಥವಾ ತುಪ್ಪ. ಕೊಬ್ಬರಿ ಎಣ್ಣೆ ಬಾಟಲಿಯಲ್ಲೇ ಕಲ್ಲಾಗಿರುತ್ತದೆ.

ಮಕ್ಕಳ ಬೆರಳನ್ನು ಅರ್ಧ ಗಂಟೆಗೊಮ್ಮೆ ಬಿಚ್ಚಿ ನೋಡಿ. ಬಿಳಿಚಿ, ಮುಟ್ಟಿದ್ದು ತಿಳಿಯದಂತಾಗಿದ್ದರೆ ಕೂಡಲೇ ಒಳಗೆ ಕರೆದೊಯ್ದು ಕಂಕುಳಲ್ಲಿ ಇಟ್ಟು ಬೆಚ್ಚಗೆ ಮಾಡಿ. ತಿಕ್ಕಬೇಡಿ, ಬೆಂಕಿಗೆ ಹಿಡಿಯಬೇಡಿ; ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದೂ ಗೊತ್ತಾಗುವುದಿಲ್ಲ. ನಡುಗುತ್ತಿದ್ದವರು ತೊದಲತೊಡಗಿದರೆ, ಗುಂಡಿ ಹಾಕಲೂ ಕೈ ಬಾರದಿದ್ದರೆ ಆಸ್ಪತ್ರೆಗೆ ಹೊರಡಿ. ಗೆಳೆಯರ ಗುಂಪುಗಳು ಚಳಿಗೆಂದು ಕುಡಿಯುತ್ತವೆ. ಮದ್ಯ ಚರ್ಮದ ರಕ್ತನಾಳ ಹಿಗ್ಗಿಸಿ ಒಳಗಿನ ಶಾಖವನ್ನು ಹೊರಗೆ ಚೆಲ್ಲುತ್ತದೆ. ಬೆಚ್ಚಗಾದಂತೆ ಅನಿಸುವುದು ಮೈ ತಣ್ಣಗಾಗುತ್ತಿರುವಾಗಲೇ.

ಸಮುದ್ರಮಟ್ಟದಿಂದ ಐನೂರು ಮೀಟರಿನ ಆಸುಪಾಸಿನಲ್ಲಿ ಇರುವವರು ನಾವು. ಮನಾಲಿಯಲ್ಲಿ ಒಂದು ರಾತ್ರಿ ಕಳೆದ ಮೇಲೆಯೇ ಸಿಸ್ಸುವಿಗೆ ಹೋಗಿ. ಅಲ್ಲಿ ತಲೆನೋವು, ವಾಂತಿ ಶುರುವಾದರೆ ಕೆಳಗೆ ಇಳಿಯಿರಿ. ಬಿಪಿ, ಹೃದಯದ ತೊಂದರೆ ಇರುವವರು ಊರಲ್ಲೇ ಡಾಕ್ಟರರನ್ನು ಕೇಳಿ ಹೊರಡಲಿ. ಹಿಮ ಸುರಿಯತೊಡಗಿದರೆ ಫೋಟೊ ಬಿಟ್ಟು ಗಾಡಿ ತಿರುಗಿಸಿ. 2024ರ ಡಿಸೆಂಬರ್ ಕೊನೆಯಲ್ಲಿ ಸೋಲಂಗ್ ಮತ್ತು ಸುರಂಗದ ನಡುವೆ ನೂರಾರು ಗಾಡಿಗಳು ಸಿಕ್ಕಿಬಿದ್ದಿದ್ದವು.

ಹೆಜ್ಜೆ 7: ರೂಮಿನಲ್ಲಿ

ಕೆಂಡದ ಒಲೆಯನ್ನು ಮುಚ್ಚಿದ ಕೋಣೆಯಲ್ಲಿಟ್ಟು ಮಲಗಬೇಡಿ. ಅಲ್ಲಿಯವರು ಅಂಗೀಠಿ ಎನ್ನುತ್ತಾರೆ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳುವುದೇ ಇಲ್ಲ. ಪ್ರತಿ ಚಳಿಗಾಲ ಉತ್ತರದಿಂದ ಇಂಥ ಸುದ್ದಿ ಓದುತ್ತೇವೆ. ಹೋಟೆಲಿನವರು ಪ್ರೀತಿಯಿಂದ ತಂದಿಟ್ಟರೂ ಮಲಗುವ ಮುಂಚೆ ಹೊರಗಿಡಿಸಿ. ಕಿಟಕಿಯಿಲ್ಲದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಇದ್ದರೆ ರೂಮು ಬದಲಿಸಿ.

ಊಟಕ್ಕೆ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಶೇಂಗಾ ಉಂಡೆ ಕಟ್ಟಿಕೊಳ್ಳಿ. ಒಂದೂ ಕೆಡುವುದಿಲ್ಲ, ಎಣ್ಣೆಕಾಳಿನ ಊಟ ಥಂಡಿಗೆ ಒಳ್ಳೆಯದು. ಬಿಸಿನೀರಿನ ಫ್ಲಾಸ್ಕ್ ಮರೆಯಬೇಡಿ. ಬಾಯಾರಿಕೆ ಅನಿಸದಿದ್ದರೂ ಕುಡಿಯುತ್ತಿರಬೇಕು. ಫೋನನ್ನು ಒಳಜೇಬಿನಲ್ಲಿಡಿ, ಚಳಿಗೆ ಬ್ಯಾಟರಿ ಬೇಗ ಕೂರುತ್ತದೆ. ಮನಾಲಿ ಬಿಟ್ಟು ಕಾಶ್ಮೀರಕ್ಕೆ ಹೊರಡುವವರಿಗೆ ಒಂದು ಮಾತು: ನಮ್ಮ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡುವುದಿಲ್ಲ, ಮನೆಯಲ್ಲಿ ಒಬ್ಬರದ್ದಾದರೂ ಪೋಸ್ಟ್‌ಪೇಯ್ಡ್ ಇರಲಿ.

ಹೆಜ್ಜೆ 8: ಮರಳಿ ಬಂದ ಮೇಲೆ

ಉಣ್ಣೆಯನ್ನು ತಣ್ಣೀರಿನಲ್ಲಿ ಒಗೆದು ನೆರಳಿನಲ್ಲಿ, ಹಾಸಿ ಒಣಗಿಸಿ. ತೂಗುಹಾಕಿದರೆ ಜೋತುಬೀಳುತ್ತದೆ. ಪೂರ್ತಿ ಒಣಗಿದ ಮೇಲೆ ಬೇವಿನ ಒಣ ಎಲೆ ಹಾಕಿ ಟ್ರಂಕಿನಲ್ಲಿಡಿ. ನಮ್ಮ ಟ್ರಂಕಿನಲ್ಲಿ ಈಗ ಆರು ಜನಕ್ಕಾಗುವ ಥರ್ಮಲ್, ಸಾಕ್ಸ್, ಗ್ಲೌಸ್ ಇವೆ. ಓಣಿಯಲ್ಲಿ ಯಾರು ಹೊರಟರೂ ಮೊದಲು ನಮ್ಮ ಮನೆಗೆ ಬಂದು ಅಳತೆ ನೋಡಿಕೊಂಡು ಹೋಗುತ್ತಾರೆ. ಅವ್ವನ ಉಣ್ಣೆ ಪೈಜಾಮ ಮಾತ್ರ ಕೊಡುವುದಿಲ್ಲ. ಅದು ಮುಂದಿನ ಜನವರಿಗೆ ಬೇಕೆಂದು ಆಕೆಯೇ ಬೇರೆ ಗಂಟು ಕಟ್ಟಿ ಇಟ್ಟುಕೊಂಡಿದ್ದಾಳೆ.