ಕೊಪ್ಪೆಯವನನ್ನು ರಂಗಕ್ಕೆ ತಂದ ಬಗೆ

ಮುಖ ಮುಚ್ಚಿಕೊಂಡು ಕಳ್ಳರನ್ನೂ ಲಂಚಕೋರ ಅಧಿಕಾರಿಗಳನ್ನೂ ಸೋಲಿಸುವವನ ಕಥೆಯನ್ನು ಮಂಡ್ಯದ ಹವ್ಯಾಸಿ ತಂಡವೊಂದಕ್ಕೆ ಬರೆದು ಆಡಿಸಲು ಒಪ್ಪಿಕೊಂಡಾಗ, ಕತ್ತಿ, ಕುದುರೆ, ಕರಿಯ ನಿಲುವಂಗಿಗಳ ಗೋಜಿಗೆ ಹೋಗಬಾರದೆಂದು ಮೊದಲೇ ನಿಶ್ಚಯಿಸಿದ್ದೆ. ಕಂದಾಯ ವಸೂಲಿಯ ಒಳಹೊರಗನ್ನು ಬಲ್ಲ ಜಾಣ್ಮೆಯಿಂದಲೇ ನನ್ನ ನಾಯಕ, ತಲೆಯ ಮೇಲಿಂದ ಕಂಬಳಿ ಹೊದ್ದ ಕೊಪ್ಪೆಯವನು, ಗೆಲ್ಲಬೇಕಿತ್ತು.

ಆದ್ದರಿಂದ, ಬ್ರಿಟಿಷರು ಮೈಸೂರಿನ ಆಡಳಿತವನ್ನು ನೇರವಾಗಿ ವಹಿಸಿಕೊಂಡ 1831ಕ್ಕೆ ತುಸು ಹಿಂದಿನ ಕಾಲವನ್ನು ಆರಿಸಿಕೊಂಡೆ. 1799ರ ಒಪ್ಪಂದದಂತೆ ಸಂಸ್ಥಾನವು ಈಸ್ಟ್ ಇಂಡಿಯಾ ಕಂಪನಿಗೆ ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ ಎಂಬ ಚಿನ್ನದ ನಾಣ್ಯಗಳ ಪೊಗದಿ, ಅಂದರೆ ಕಪ್ಪ, ತೆರಬೇಕಿತ್ತು. ಇತ್ತ ಶರತ್ತು ಪದ್ಧತಿಯಲ್ಲಿ ತಾಲ್ಲೂಕಿನ ಕಂದಾಯ ಅಧಿಕಾರಿಯಾದ ಅಮಲ್ದಾರನು ಇಂತಿಷ್ಟು ಹಣ ಕಟ್ಟುವೆನೆಂದು ಒಪ್ಪಿ ಅಧಿಕಾರ ಹಿಡಿಯುತ್ತಿದ್ದನು, ಅದನ್ನು ರೈತನಿಂದಲೇ ಹಿಂಡುತ್ತಿದ್ದನು. ಇಷ್ಟು ಗಟ್ಟಿಯಾದ ಕಾರಣವಿರುವಾಗ ಖಳನಿಂದ ಮೀಸೆ ತಿರುವಿಸುವ ಅಗತ್ಯವಿಲ್ಲ. ಮುಂದೆ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ನನ ಆಡಳಿತದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳೇ 769. ಮಲೆನಾಡಿನ ನಗರ ಎಂಬ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಕೊಳ್ಳದೆ ನಡೆದವರು ಸುಂಕ ತೆರಬೇಕಿತ್ತಂತೆ! ಅದನ್ನು ಮದ್ದೂರಿನ ದಾರಿಗೆ ತರಬೇಕೆಂದು ನಟರು ಹಟ ಹಿಡಿದರು. ನಾನು ಒಪ್ಪದೆ, ಮಲೆನಾಡಿನಿಂದ ಬಂದ ಅಡಿಕೆ ವ್ಯಾಪಾರಿಯೊಬ್ಬನ ಬಾಯಲ್ಲಿ ಹೇಳಿಸಿದೆ.

ನಾಟಕದ ಜೀವ ಇರುವುದು ಕಣದ ದೃಶ್ಯದಲ್ಲಿ. ಬೆಳೆಯಲ್ಲಿ ಸರ್ಕಾರಕ್ಕೆ ಸಲ್ಲುವ ವಾರದ ಪಾಲು ಅಳೆಯುವವರೆಗೆ ಯಾರೂ ಮುಟ್ಟದಂತೆ, ಅಮಲ್ದಾರನ ಕೈಕೆಳಗಿನ ಕಂದಾಯ ನೌಕರನಾದ ಶೇಕ್‌ದಾರನು ಭತ್ತದ ರಾಶಿಯ ಮೇಲೆ ಹಸಿಮಣ್ಣು ಮೆತ್ತಿ, ಸೂರ್ಯಚಂದ್ರರ ಮುದ್ರೆ ಒತ್ತಿ ಹೋಗುತ್ತಾನೆ. ರಾತ್ರಿ ಅವನೇ ಕಳುಹಿಸಿದ ಕಳ್ಳರು ಭತ್ತ ಹೊತ್ತು, ಅದೇ ಮುದ್ರೆಯನ್ನು ಮತ್ತೆ ಒತ್ತಿಬಿಟ್ಟರೆ, ಕೊರತೆಯ ಹೊಣೆ ರೈತನ ತಲೆಗೆ ಬರುತ್ತದೆ. ಇದನ್ನು ಊಹಿಸಿದ ಕೊಪ್ಪೆಯವನು ಸಂಜೆಯ ಮುದ್ರೆ ಬಿದ್ದ ಮೇಲೆ ಚಾವಡಿಗೆ ನುಸುಳಿ, ಮರದ ಅಚ್ಚಿನಿಂದ ಚಂದ್ರನನ್ನು ಕೆತ್ತಿ ತೆಗೆದಿರುತ್ತಾನೆ. ಬೆಳಿಗ್ಗೆ ಊರಿನ ಚಾಕರಿಯವನಾದ ತೋಟಿ ಕೇಳುತ್ತಾನೆ: "ಬುದ್ಧೀ, ಸಂಜೆ ಒತ್ತಿದಾಗ ಚಂದ್ರ ಇದ್ದ, ಈಗ ಇಲ್ವಲ್ಲ?" ಶೇಕ್‌ದಾರ ಗದರುತ್ತಾನೆ: "ಬೆಳಗಾದ ಮೇಲೆ ಚಂದ್ರ ಇರ್ತಾನೇನೋ?" ಜನ ನಗುತ್ತಿದ್ದಂತೆಯೇ ತೋಟಿ ಶೇಕ್‌ದಾರನ ಸೊಂಟದಲ್ಲಿ ಆ ಅಚ್ಚಿರುವ ಚೀಲದತ್ತ ಕೈ ತೋರಿಸುತ್ತಾನೆ. ಹಿಂದಿನ ಸಾಲಿಗೂ ಕಾಣಲೆಂದು ಮಣ್ಣಿನ ಬಿಲ್ಲೆಗಳನ್ನು ಊಟದ ತಟ್ಟೆಯಷ್ಟು ಅಗಲ ಮಾಡಿಸಿದ್ದೆವು. ರಾತ್ರಿಯಿಡೀ ಕುರುಕ್ಷೇತ್ರ ನಾಟಕ ನೋಡಿ ಪಳಗಿದ ಪ್ರೇಕ್ಷಕರಿಗೆ ಈ ವಾದವಿವಾದ ಉದ್ದವೆನಿಸಲಿಲ್ಲ.

ಮುಖವಾಡ ಬೇರೆಯದೇ ತೊಡಕಾಯಿತು. ಬಾಯಿಗೆ ಬಟ್ಟೆ ಕಟ್ಟಿದರೆ ಮಾತು ಹೊರಡುವುದಿಲ್ಲ. ಕೊನೆಗೆ ಅಡಿಕೆ ಹಾಳೆಯನ್ನು ನೀರಿನಲ್ಲಿ ನೆನೆಹಾಕಿ, ಹಣೆಯಿಂದ ಮೂಗಿನವರೆಗೆ ಬರುವಂತೆ ಕತ್ತರಿಸಿ, ನಟನ ಮುಖಕ್ಕೇ ಬಾಗಿಸಿ ಒಣಗಿಸಿದೆವು; ಬೆವರು ಕಣ್ಣಿಗೆ ಇಳಿಯದಂತೆ ಒಳಗೆ ಹತ್ತಿಬಟ್ಟೆ ಅಂಟಿಸಿದೆವು. ಅದರ ಮೇಲೆ ಕಂಬಳಿ ಕೊಪ್ಪೆ. ಸುಗ್ಗಿಯ ಇಬ್ಬನಿಗೆ ಕಣದಲ್ಲಿದ್ದವರೆಲ್ಲ ಕೊಪ್ಪೆ ಹಾಕಿಕೊಂಡೇ ಇರುವುದರಿಂದ, ಹುಡುಕಲು ಬಂದ ಕಂದಾಚಾರದ (ಆಗಿನ ಕಾವಲುಪಡೆಯ) ಜವಾನರು ಯಾರನ್ನು ಹಿಡಿಯಬೇಕೆಂದು ತಿಳಿಯದೆ ನಿಲ್ಲುತ್ತಾರೆ. ಬೆನ್ನಟ್ಟುವ ದೃಶ್ಯದ ಖರ್ಚೂ ಉಳಿಯಿತು. ಕಡೆಯಲ್ಲಾದರೂ ಮುಖ ತೋರಿಸಲು ಬಿಡಿರೆಂದು ನಾಯಕ ಪಾತ್ರಧಾರಿ ಕೇಳಿದರು. ಅವರ ನೆಂಟರೆಲ್ಲ ನೋಡಲು ಬಂದಿದ್ದರೆಂಬುದು ಗೊತ್ತಿದ್ದೂ ನಾನು ಬಿಡಲಿಲ್ಲ.