ಎದುರಿನ ಕುರ್ಚಿಯಲ್ಲಿ ಯಾರು ಕೂರಬೇಕು?

ಆಪ್ತಸಮಾಲೋಚನೆಗೆಂದು ಬರುವ ಮೊದಲ ಕರೆ ಸಾಮಾನ್ಯವಾಗಿ ಇನ್ನೊಬ್ಬರ ಬಗ್ಗೆಯೇ ಇರುತ್ತದೆ. "ಮಗಳು ಯಾರ ಮಾತನ್ನೂ ಕೇಳುವುದಿಲ್ಲ, ನಿಮ್ಮ ಹತ್ತಿರ ಕಳಿಸಿಕೊಡುತ್ತೇನೆ." "ನಮ್ಮ ಮನೆಯವರಿಗೆ ಸಿಟ್ಟು ಹೆಚ್ಚು, ನೀವೇ ಸ್ವಲ್ಪ ತಿಳಿಹೇಳಿ." ನೋವು ಹೇಳಿಕೊಳ್ಳುವವರು ಒಬ್ಬರು, ಬದಲಾಗಬೇಕಾದವರು ಇನ್ನೊಬ್ಬರು. ನಾನು ಸಮಾಜಕಾರ್ಯ ಓದಿ ಈ ವೃತ್ತಿಗೆ ಬಂದವಳು. ಒಬ್ಬೊಬ್ಬರೊಂದಿಗೆ, ದಂಪತಿಗಳೊಂದಿಗೆ, ಇಡೀ ಕುಟುಂಬದೊಂದಿಗೆ ಕೆಲಸ ಮಾಡುತ್ತೇನೆ. ಈ ಮೂರರಲ್ಲಿ ಯಾವುದನ್ನು ಆರಿಸಬೇಕು, ಅಂದರೆ ನನ್ನೆದುರು ಯಾರು ಕೂರಬೇಕು ಎಂಬುದೇ ನನ್ನ ಕೆಲಸದ ಮುಖ್ಯ ತೀರ್ಮಾನ. ಯಾವ ವಿಧಾನ ಬಳಸಬೇಕೆಂಬುದು ಆಮೇಲಿನ ಮಾತು.

ಹಾಗಾಗಿ ಫೋನಿನಲ್ಲೇ ಕೆಲವು ವಿಷಯ ಕೇಳಿಕೊಳ್ಳುತ್ತೇನೆ. ಈ ಸಮಸ್ಯೆಯಿಂದ ಹೆಚ್ಚು ನಿದ್ದೆಗೆಟ್ಟಿರುವವರು ಯಾರು? ನೀವು ಕರೆ ಮಾಡಿರುವುದು ಮನೆಯಲ್ಲಿ ಯಾರಿಗೆ ಗೊತ್ತು? ಮನೆಯಲ್ಲಿ ಯಾರಿಗಾದರೂ ಯಾರ ಭಯವಾದರೂ ಇದೆಯೇ? ಕೊನೆಯ ಪ್ರಶ್ನೆಗೆ ಉತ್ತರ ಬರಲು ತಡವಾದರೆ ಆ ತಡವನ್ನೂ ಬರೆದಿಟ್ಟುಕೊಳ್ಳುತ್ತೇನೆ.

ಮೊದಲ ಭೇಟಿಯಲ್ಲಿ ಒಂದು ದೊಡ್ಡ ಬಿಳಿ ಹಾಳೆ ಮೇಜಿನ ಮೇಲಿರುತ್ತದೆ. ಅದರಲ್ಲಿ ಮೂರು ತಲೆಮಾರಿನ ಕುಟುಂಬ ನಕ್ಷೆ, ಅಂದರೆ ಜೀನೋಗ್ರಾಮ್, ಬರೆಯುತ್ತೇವೆ. ಗಂಡಸರಿಗೆ ಚೌಕ, ಹೆಂಗಸರಿಗೆ ವೃತ್ತ, ಜಗಳವಿದ್ದಲ್ಲಿ ಅಂಕುಡೊಂಕು ಗೆರೆ. ಪಕ್ಕದಲ್ಲೇ ಇನ್ನೊಂದು ಚಿತ್ರ: ಇಕೋಮ್ಯಾಪ್. ಸಮಾಜಕಾರ್ಯದ ಅಧ್ಯಾಪಕಿ ಆ್ಯನ್ ಹಾರ್ಟ್‌ಮನ್ 1975ರಲ್ಲಿ ರೂಪಿಸಿದ ಈ ನಕ್ಷೆಯಲ್ಲಿ ಕುಟುಂಬ ನಡುವೆ ಇರುತ್ತದೆ. ಸುತ್ತ ಉದ್ಯೋಗ, ಶಾಲೆ, ಆಸ್ಪತ್ರೆ, ಸ್ನೇಹಿತರು, ಸಾಲ ಎಲ್ಲವೂ ಬರುತ್ತವೆ. ಶಕ್ತಿ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂದು ಬಾಣ ಹಾಕುತ್ತೇವೆ. ಮನಸ್ಸಿನೊಳಗೆ ಇಳಿಯುವ ಮೊದಲು ಆ ಮನುಷ್ಯ ಬದುಕುತ್ತಿರುವ ಪರಿಸ್ಥಿತಿಯನ್ನು ನೋಡು ಎಂಬುದು 20ನೇ ಶತಮಾನದ ಆರಂಭದ ಸಮಾಜಕಾರ್ಯ ಪ್ರವರ್ತಕಿ ಮೇರಿ ರಿಚ್ಮಂಡ್ ಅವರ ಕಾಲದಿಂದಲೂ ನಮ್ಮ ವೃತ್ತಿಯ ಬೇರು. ನಾನು ಅದನ್ನು ಬಲವಾಗಿ ನಂಬುತ್ತೇನೆ.

ಒಬ್ಬರ ಪ್ರಸಂಗ ಹೇಳುತ್ತೇನೆ. (ಇಲ್ಲಿ ಬರುವ ಎಲ್ಲ ಪ್ರಸಂಗಗಳಲ್ಲೂ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ನಡುವಯಸ್ಸಿನ ಅವರು ನಿದ್ದೆ ಬರುವುದಿಲ್ಲ, ಎದೆ ಹೊಡೆದುಕೊಳ್ಳುತ್ತದೆ ಎಂದು ಬಂದಿದ್ದರು. ವೈದ್ಯರು ಪರೀಕ್ಷಿಸಿ ದೇಹದಲ್ಲಿ ತೊಂದರೆಯಿಲ್ಲ ಎಂದಿದ್ದರು. ಇಕೋಮ್ಯಾಪ್ ಮುಗಿದಾಗ ಬಾಣಗಳೆಲ್ಲ ಅವರಿಂದ ಹೊರಗೇ ಹೋಗುತ್ತಿದ್ದವು: ಹಾಸಿಗೆ ಹಿಡಿದ ತಂದೆಯ ಕಡೆಗೆ, ತಮ್ಮನ ಸಾಲದ ಕಡೆಗೆ, ಕಚೇರಿಯ ಕಡೆಗೆ. ಅವರ ಕಡೆಗೆ ಬರುವ ಬಾಣ ಒಂದೂ ಇರಲಿಲ್ಲ. ಹಾಳೆಯನ್ನು ನೋಡಿ ಅವರೇ, "ಇದರಲ್ಲಿ ನನ್ನನ್ನು ನೋಡಿಕೊಳ್ಳುವವರು ಯಾರೂ ಇಲ್ಲವಲ್ಲ" ಎಂದರು. ಇಂಥವರಿಗೆ ಉಸಿರಾಟದ ವ್ಯಾಯಾಮವನ್ನಷ್ಟೇ ಕಲಿಸಿ ಕಳಿಸುವುದು ಅನ್ಯಾಯ. ತಂದೆಯ ಆರೈಕೆಯನ್ನು ಹಂಚಿಕೊಳ್ಳುವಂತೆ ಒಡಹುಟ್ಟಿದವರನ್ನು ಹೇಗೆ ಕೇಳಬೇಕೆಂದು ಇಬ್ಬರೂ ಅಭ್ಯಾಸ ಮಾಡಿದೆವು. ಅವರು ಅಣ್ಣನಾದರು, ನಾನು ತಮ್ಮನಾಗಿ ನೆಪ ಹೇಳಿದೆ. ಆಮೇಲೆ ನಿಜವಾದ ತಮ್ಮನನ್ನೇ ಒಂದು ಭೇಟಿಗೆ ಕರೆಸಿದೆವು. ಒಬ್ಬರ ಆತಂಕವೆಂದು ಶುರುವಾದದ್ದು ಕುಟುಂಬದ ಕೆಲಸವಾಯಿತು.

ದಂಪತಿಗಳ ವಿಷಯದಲ್ಲಿ ನನ್ನದೊಂದು ಕಟ್ಟುನಿಟ್ಟಿನ ನಿಯಮವಿದೆ. ಒಟ್ಟಿಗೆ ಕೂರಿಸುವ ಮೊದಲು ಇಬ್ಬರನ್ನೂ ಬೇರೆ ಬೇರೆಯಾಗಿ ನೋಡುತ್ತೇನೆ. ಹೊಡೆತ, ಬೆದರಿಕೆ, ಹಣದ ಹಿಡಿತ, ಮೊಬೈಲ್ ತಪಾಸಣೆ ಇವೆಲ್ಲವನ್ನೂ ನೇರವಾಗಿ, ಒಂದೊಂದಾಗಿ ಕೇಳುತ್ತೇನೆ. ಒಬ್ಬರು ಇನ್ನೊಬ್ಬರಿಗೆ ಹೆದರಿ ಬದುಕುತ್ತಿದ್ದರೆ ಜಂಟಿ ಭೇಟಿ ಇಲ್ಲ. ಅಲ್ಲಿ ಆಡಿದ ನಿಜಕ್ಕೆ ಮನೆಗೆ ಹೋದ ಮೇಲೆ ಬೆಲೆ ತೆರಬೇಕಾಗುತ್ತದೆ. ಅಂಥವರೊಂದಿಗೆ ಮೊದಲು ಸುರಕ್ಷತೆಯ ಯೋಜನೆ: ತುರ್ತಿನಲ್ಲಿ ಎಲ್ಲಿಗೆ ಹೋಗಬೇಕು, ದಾಖಲೆಪತ್ರಗಳು ಎಲ್ಲಿರಬೇಕು, ಯಾರಿಗೆ ಕರೆ ಮಾಡಬೇಕು. "ಇಬ್ಬರದೂ ತಪ್ಪಿದೆ, ಹೊಂದಿಕೊಂಡು ಹೋಗಿ" ಎನ್ನುವ ಮಾತು ಹಿಂಸೆಯ ಮುಂದೆ ಸಲ್ಲದು.

ಗುಟ್ಟುಗಳ ಬಗ್ಗೆಯೂ ಆರಂಭದಲ್ಲೇ ಹೇಳಿಬಿಡುತ್ತೇನೆ. ಸಂಬಂಧಕ್ಕೆ ಧಕ್ಕೆ ತರುವಂಥದ್ದನ್ನು ಒಬ್ಬರು ನನಗೆ ಮಾತ್ರ ಹೇಳಿ, ಅದನ್ನು ಮುಚ್ಚಿಟ್ಟುಕೊಂಡು ಜಂಟಿ ಭೇಟಿ ನಡೆಸಿ ಎಂದರೆ ನನ್ನಿಂದ ಆಗುವುದಿಲ್ಲ. ಆದರೆ ಭಯದ, ಹಿಂಸೆಯ ಮಾತಿಗೆ ಇದು ಅನ್ವಯಿಸುವುದಿಲ್ಲ. ಅದನ್ನು ಎದುರಿನವರಿಗೆ ತಿಳಿಸುವ ಪ್ರಶ್ನೆಯೇ ಇಲ್ಲ. ಪ್ರಾಣಕ್ಕೆ ಅಪಾಯವಿದ್ದಾಗ, ಮಗುವಿಗೆ ಹಿಂಸೆಯಾಗುತ್ತಿರುವಾಗ ಗೋಪ್ಯತೆ ಮುರಿಯಬೇಕಾಗುತ್ತದೆ ಎಂಬುದನ್ನೂ ಮೊದಲೇ ತಿಳಿಸುತ್ತೇನೆ.

ಭಯವಿಲ್ಲದ, ಆದರೆ ಜಗಳದಲ್ಲಿ ಸಿಕ್ಕಿಬಿದ್ದ ದಂಪತಿಗಳಲ್ಲಿ ನಾನು ಮೊದಲು ಹುಡುಕುವುದು ಜಗಳದ ಸುತ್ತನ್ನು. ಒಬ್ಬರು ಬೆನ್ನಟ್ಟುತ್ತಾರೆ, ಇನ್ನೊಬ್ಬರು ಹಿಂದೆ ಸರಿಯುತ್ತಾರೆ. ಸರಿದಷ್ಟೂ ಬೆನ್ನಟ್ಟುವುದು ಹೆಚ್ಚು, ಬೆನ್ನಟ್ಟಿದಷ್ಟೂ ಸರಿಯುವುದು ಹೆಚ್ಚು. ಮನಶ್ಶಾಸ್ತ್ರಜ್ಞೆ ಸೂ ಜಾನ್ಸನ್ 1980ರ ದಶಕದಿಂದ ಬೆಳೆಸಿದ ಭಾವಕೇಂದ್ರಿತ ಚಿಕಿತ್ಸೆಯಲ್ಲಿ ಈ ಸುತ್ತೇ ಇಬ್ಬರ ಸಮಾನ ಶತ್ರು. ಒಮ್ಮೆ ಹೆಂಡತಿ, "ನಾನು ಕೇಳಿದ್ದಕ್ಕೆಲ್ಲ ಇವರು ಗೋಡೆಯ ಹಾಗೆ ಕೂರುತ್ತಾರೆ" ಎಂದರು. ನಾನು ಗಂಡನ ಕಡೆ ತಿರುಗಿ, "ಸುಮ್ಮನೆ ಕೂತಾಗ ಒಳಗೆ ಏನು ನಡೆಯುತ್ತಿರುತ್ತದೆ?" ಎಂದೆ. ಬಹಳ ಹೊತ್ತಿನ ಮೇಲೆ ಅವರು, "ಏನು ಹೇಳಿದರೂ ನಾನು ಯಾವುದಕ್ಕೂ ಸಾಲದವನು ಎಂದೇ ತೀರ್ಮಾನವಾಗುತ್ತದೆ. ಅದಕ್ಕೆ ಬಾಯಿ ಬಿಡುವುದಿಲ್ಲ" ಎಂದರು. ಹೆಂಡತಿ ಅದನ್ನು ಮೊದಲ ಬಾರಿ ಕೇಳಿದ್ದರು. ನಾನು ಅದಕ್ಕೆ ವ್ಯಾಖ್ಯಾನ ಸೇರಿಸಲಿಲ್ಲ. ಅದೇ ಮಾತನ್ನು ನನ್ನನ್ನು ಬಿಟ್ಟು ಹೆಂಡತಿಯ ಮುಖ ನೋಡಿ ಹೇಳಿ ಎಂದೆ.

ಈ ಕೆಲಸ ಮಾಡಬೇಕಾದರೆ ವೇಗ ಇಳಿಯಬೇಕು. ದಂಪತಿಗಳ ಮಾತುಕತೆಯನ್ನು ಪ್ರಯೋಗಾಲಯದಲ್ಲಿ ದಶಕಗಳ ಕಾಲ ಅಭ್ಯಸಿಸಿದ ಜಾನ್ ಗಾಟ್‌ಮನ್, ಹೃದಯಬಡಿತ ನಿಮಿಷಕ್ಕೆ 100 ದಾಟಿದರೆ ಎದುರಿನವರ ಮಾತು ಕಿವಿಗೆ ಬಿದ್ದರೂ ಒಳಗಿಳಿಯುವುದಿಲ್ಲ, ದೇಹ ಶಾಂತವಾಗಲು ಕನಿಷ್ಠ 20 ನಿಮಿಷ ಬೇಕು ಎನ್ನುತ್ತಾರೆ. ಹಾಗಾಗಿ ದನಿ ಏರಿದರೆ ನಾನು ನಿಲ್ಲಿಸುತ್ತೇನೆ, ಮನೆಯಲ್ಲೂ ಹಾಗೆಯೇ ನಿಲ್ಲಿಸಲು ಹೇಳುತ್ತೇನೆ. ಆದರೆ ಎದ್ದು ಹೋಗುವವರೇ ಮತ್ತೆ ಯಾವಾಗ ಮಾತಿಗೆ ಕೂರೋಣವೆಂದು ಸಮಯ ಹೇಳಿ ಹೋಗಬೇಕು. ಇಲ್ಲದಿದ್ದರೆ ಬೆನ್ನಟ್ಟುವವರಿಗೆ ಅದು ಇನ್ನೊಂದು ತಿರಸ್ಕಾರ. ಗಾಟ್‌ಮನ್ ಅವರದೇ ಇನ್ನೊಂದು ಶೋಧ ನನ್ನ ಬಳಿ ಬಂದವರ ಹೆಗಲನ್ನು ಹಗುರ ಮಾಡಿದೆ: ದಂಪತಿಗಳ ಭಿನ್ನಾಭಿಪ್ರಾಯಗಳಲ್ಲಿ ಸುಮಾರು 69 ಪ್ರತಿಶತ ಎಂದೂ ಪೂರ್ತಿ ಬಗೆಹರಿಯದಂಥವು. ಅವುಗಳ ಬಗ್ಗೆ ನೋಯಿಸದೆ ಮಾತಾಡುವುದನ್ನು ಕಲಿತರೆ ಸಾಕು.

ಮಕ್ಕಳನ್ನು ಕರೆತಂದಾಗ ಇನ್ನೂ ಎಚ್ಚರ ಬೇಕು. ಶಾಲೆಗೆ ಹೊರಡುವ ಹೊತ್ತಿಗೆ ಹೊಟ್ಟೆನೋವು ಎನ್ನುವ ಹುಡುಗಿಯೊಬ್ಬಳು ತಂದೆತಾಯಿಯ ನಡುವಿನ ಕುರ್ಚಿಯಲ್ಲಿ ಕೂತಳು. ಇಟಲಿಯ ಕುಟುಂಬ ಚಿಕಿತ್ಸಕರ ಮಿಲಾನ್ ತಂಡ ಬೆಳೆಸಿದ ಸುತ್ತುಪ್ರಶ್ನೆಗಳು ಇಲ್ಲಿ ಕೈಹಿಡಿಯುತ್ತವೆ. ಒಬ್ಬರ ಬಗ್ಗೆ ಅವರನ್ನೇ ಕೇಳದೆ ಮೂರನೆಯವರನ್ನು ಕೇಳುವುದು ಇದರ ಬಗೆ. "ತಂಗಿಗೆ ಹೊಟ್ಟೆ ನೋಯುವಾಗ ಅಪ್ಪ ಅಮ್ಮ ಏನು ಮಾಡುತ್ತಾರೆ?" ಎಂದು ಅಣ್ಣನನ್ನು ಕೇಳಿದೆ. "ಆಗ ಜಗಳ ನಿಲ್ಲಿಸುತ್ತಾರೆ" ಎಂದ. ಇಬ್ಬರ ನಡುವಿನ ಬಿಸಿ ತಡೆಯಲಾಗದಾಗ ಮೂರನೆಯವರನ್ನು ಒಳಗೆಳೆದುಕೊಳ್ಳುವ ಈ ತ್ರಿಕೋನವನ್ನು ಮನೋವೈದ್ಯ ಮರ್ರೆ ಬೋವೆನ್ ವಿವರಿಸಿದ್ದಾರೆ. ಹುಡುಗಿಯ ನೋವು ನಟನೆಯಲ್ಲ, ನಿಜವಾದ ನೋವೇ. ಅದನ್ನು ತಂದೆತಾಯಿಗೆ ಒತ್ತಿ ಹೇಳಿದೆ. ಮಕ್ಕಳ ವೈದ್ಯರು ನೋಡಿದ್ದಾರೆಯೇ, ಶಾಲೆಯಲ್ಲಿ ಯಾರಾದರೂ ಪೀಡಿಸುತ್ತಿದ್ದಾರೆಯೇ ಎಂಬುದನ್ನೂ ಖಚಿತಪಡಿಸಿಕೊಂಡೆ. ಆಮೇಲೆ ಕುರ್ಚಿಗಳನ್ನು ಬದಲಿಸಿ, ಅವಳನ್ನು ಅಣ್ಣನ ಪಕ್ಕ ಕೂರಿಸಿ, ಗಂಡ ಹೆಂಡತಿಯನ್ನು ಅಕ್ಕಪಕ್ಕಕ್ಕೆ ತಂದೆ. ಮುಂದಿನ ಭೇಟಿಗಳಿಗೆ ಮಕ್ಕಳು ಬರಲಿಲ್ಲ, ದೊಡ್ಡವರಿಬ್ಬರೇ ಬಂದರು.

ಸಾಯಬೇಕೆನ್ನಿಸುತ್ತಿದೆಯೇ ಎಂಬ ಪ್ರಶ್ನೆಯನ್ನು ಮಾತ್ರ ಯಾರನ್ನಾದರೂ ಒಂಟಿಯಾಗಿ ಕೂರಿಸಿಕೊಂಡೇ, ಸುತ್ತುಬಳಸದೆ ಕೇಳುತ್ತೇನೆ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಕೊಳ್ಳುತ್ತದೆ ಎಂಬ ಹೆದರಿಕೆಗೆ ಆಧಾರವಿಲ್ಲ. ಹೌದೆಂದರೆ ಅಂದೇ ಮನೋವೈದ್ಯರ ಸಂಪರ್ಕವಾಗಬೇಕು, ಜೊತೆಗಿರಬಲ್ಲ ಒಬ್ಬರನ್ನು ಅವರ ಒಪ್ಪಿಗೆಯಿಂದ ಕರೆಸಬೇಕು. ಔಷಧಿ ಬೇಕೇ ಎಂಬ ನಿರ್ಧಾರ ವೈದ್ಯರದು.

ಒಬ್ಬರು ಬರಲೊಪ್ಪದಿದ್ದರೆ? ಬಂದವರೊಂದಿಗೇ ಕೆಲಸ ಶುರು ಮಾಡುತ್ತೇನೆ. ಸುತ್ತಿನಲ್ಲಿ ಒಬ್ಬರು ಹೆಜ್ಜೆ ಬದಲಿಸಿದರೂ ಇನ್ನೊಬ್ಬರು ಮೊದಲಿನ ಹಾಗೆಯೇ ಕುಣಿಯುವುದು ಕಷ್ಟ. ತಿಂಗಳುಗಟ್ಟಲೆ ಹೀಗೆ ಒಬ್ಬರನ್ನೇ ನೋಡಿದ ಮೇಲೆ ಕೆಲವೊಮ್ಮೆ ಸಂಗಾತಿಯೂ ಕರೆ ಮಾಡಿ, "ನಾನೂ ಬರಲೇ?" ಎನ್ನುತ್ತಾರೆ. ಸಂತೋಷವಾಗುತ್ತದೆ. ಆದರೆ ಅಷ್ಟರಲ್ಲಿ ನಾನು ಒಬ್ಬರ ಕಣ್ಣಿನಿಂದ ಆ ಮನೆಯನ್ನು ಬಹಳ ಕಾಲ ನೋಡಿರುತ್ತೇನೆ. ಎರಡನೆಯವರು ಹಿಂದುಳಿದೇ ಒಳಗೆ ಬಂದಂತಾಗುತ್ತದೆ. ಅದಕ್ಕಾಗಿ ದಂಪತಿಯ ಭೇಟಿಗಳಿಗೆ ಅವರಿಬ್ಬರನ್ನೂ ಸಹೋದ್ಯೋಗಿಯೊಬ್ಬರ ಬಳಿಗೆ ಕಳಿಸಿ, ಮೊದಲು ಬಂದವರನ್ನು ನಾನು ಪ್ರತ್ಯೇಕವಾಗಿ ನೋಡುವುದನ್ನು ಮುಂದುವರಿಸುತ್ತೇನೆ.