ಹಕ್ಕಿ ಬರುವ ಮೊದಲೇ ಕ್ಯಾಮೆರಾ ಸೆಟ್ ಆಗಿರಬೇಕು

ಹಕ್ಕಿ ಫೋಟೊ ನೋಡಿದವರು ಮೊದಲು ಕೇಳುವುದೇ "ಯಾವ ಲೆನ್ಸು?" ಅಂತ. ನನ್ನದು 400 ಎಂಎಂ, ಎಫ್/5.6 (ಬೆಳಕು ಒಳಬಿಡುವ ಕಿಂಡಿಯ ಅಳತೆ), ಹಳೇದು. ಅದರ ಬಗ್ಗೆ ಹೇಳಲು ಜಾಸ್ತಿ ಏನಿಲ್ಲ. ಹೇಳುವುದಿರುವುದು ಶಟರ್ ಸ್ಪೀಡ್, ಅಂದರೆ ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಅನ್ನುವುದರ ಬಗ್ಗೆ, ಆಮೇಲೆ ಬೆಳಕು ಅಳೆಯುವ ಕ್ಯಾಮೆರಾದ ಮೀಟರ್ ಮಾತನ್ನು ಎಷ್ಟು ಕೇಳಬೇಕು ಅನ್ನುವುದರ ಬಗ್ಗೆ.

ಕೊಂಬೆ ಮೇಲೆ ಕೂತ ಹಕ್ಕಿ ಸುಮ್ನೆ ಇದ್ದಂತೆ ಕಾಣುತ್ತದೆ, ಆದರೆ ಅದರ ತಲೆ ನೋಡಿ, ಆ ಕಡೆ ಈ ಕಡೆ ತಿರುಗುತ್ತಲೇ ಇರುತ್ತದೆ. ಲೆನ್ಸಿನ ಸ್ಟೆಬಿಲೈಸೇಶನ್ ನಮ್ಮ ಕೈ ನಡುಕಕ್ಕೆ ಮಾತ್ರ ಮದ್ದು, ಹಕ್ಕಿಯ ಅಲ್ಲಾಟಕ್ಕಲ್ಲ. ಹಾಗಾಗಿ ಕೂತ ಹಕ್ಕಿಗೂ ನಾನು 1/1000 ಸೆಕೆಂಡ್ ಇಡುತ್ತೇನೆ. ನಿಧಾನಕ್ಕೆ ರೆಕ್ಕೆ ಬಡಿಯುವ ದೊಡ್ಡ ಹಕ್ಕಿ ಹಾರುತ್ತಿದ್ದರೆ 1/1600 ಸಾಕು. ಚಿಕ್ಕವಕ್ಕೆ 1/3200 ಕೂಡ ಕಡಿಮೆಯೇ. ಬೆಳಕು ತೀರಾ ಕಮ್ಮಿ ಇದ್ದರೆ, ಹಕ್ಕಿ ಗಟ್ಟಿಯಾಗಿ ಕೂತಿದ್ದರೆ, 1/250ಕ್ಕೆ ಇಳಿದು ಒಂದೇ ಸಮನೆ ಹಲವು ಫ್ರೇಮ್ ಹೊಡೆಯುತ್ತೇನೆ. ತಲೆ ನಿಂತ ಒಂದು ಫ್ರೇಮ್ ಅದರಲ್ಲಿ ಎಲ್ಲೋ ಸಿಗುತ್ತದೆ.

ಇಷ್ಟು ಸ್ಪೀಡ್ ಇಟ್ಟರೆ, ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವುದನ್ನು ಹೇಳುವ ಐಎಸ್‌ಓ ಏರಲೇಬೇಕು. ಏರಲಿ ಬಿಡಿ. ನಾಯ್ಸ್ (ಫೋಟೊದಲ್ಲಿ ಕಾಣುವ ಕಾಳುಕಾಳು) ಬಂದರೆ ಕಂಪ್ಯೂಟರಿನಲ್ಲಿ ಕಮ್ಮಿ ಮಾಡಬಹುದು, ಅಲುಗಿದ ಕಣ್ಣನ್ನು ಯಾವ ಸಾಫ್ಟ್‌ವೇರೂ ಸರಿಯಾಗಿ ಕೂರಿಸಿಕೊಡುವುದಿಲ್ಲ. ಐಎಸ್‌ಓಗೆ ಹೆದರಿ ಕತ್ತಲಾಗಿ ತೆಗೆದು ಆಮೇಲೆ ಬೆಳಗಿಸಿದರೆ ನಾಯ್ಸ್ ಹೇಗೂ ಎದ್ದು ಕಾಣುತ್ತದೆ.

ಇನ್ನು ಎಕ್ಸ್‌ಪೋಷರ್, ಅಂದರೆ ಫೋಟೊ ಎಷ್ಟು ಬೆಳ್ಳಗೆ ಬರಬೇಕು ಅನ್ನುವುದು. ಮೀಟರ್‌ಗೆ ಎಲ್ಲವೂ ನಡುವಿನ ಬೂದು ಬಣ್ಣಕ್ಕೆ ಬರಬೇಕು. ಕಪ್ಪು ಮರಗಳ ಮುಂದೆ ಬೆಳ್ಳಕ್ಕಿ ಹಾರಿದರೆ ಮೀಟರ್ ಮರಗಳನ್ನು ಬೆಳಗಿಸಲು ಹೋಗಿ ಹಕ್ಕಿಯ ಗರಿಯನ್ನೆಲ್ಲ ಬರೀ ಬಿಳಿ ಮಾಡಿಬಿಡುತ್ತದೆ. ಅದೇ ಹಕ್ಕಿ ಆಕಾಶದ ಮುಂದೆ ಬಂದರೆ ಮಂಕಾಗುತ್ತದೆ. ಆದರೆ ಹಕ್ಕಿಯ ಮೇಲೆ ಬಿದ್ದ ಬಿಸಿಲು ಬದಲಾಗಿಲ್ಲ, ಅಲ್ವಾ? ಬದಲಾಗಿದ್ದು ಹಿಂದಿನ ದೃಶ್ಯ ಮಾತ್ರ. ಅದಕ್ಕೇ ಬಿಸಿಲು ಸ್ಥಿರವಾಗಿದ್ದಾಗ ನಾನು ಪೂರ್ತಿ ಮ್ಯಾನ್ಯುಯಲ್‌ಗೆ ಹೋಗುತ್ತೇನೆ, ಐಎಸ್‌ಓ ಕೂಡ ನಾನೇ ಇಡುತ್ತೇನೆ. ಸೂರ್ಯ ಬೆನ್ನ ಹಿಂದೆ ಇದ್ದು ಬಿಸಿಲು ಚೆನ್ನಾಗಿದ್ದರೆ ಎಫ್/5.6, 1/3200, ಐಎಸ್‌ಓ 400 ಇಂದ ಶುರು. ಬಿಳಿ ಹಕ್ಕಿಯಾದರೆ ಐಎಸ್‌ಓ 250, ಕಾಜಾಣದಂಥ ಕಪ್ಪು ಹಕ್ಕಿಯಾದರೆ 800ರ ತನಕ. ಬೆಳಗ್ಗೆ ಬೇಗ ಬಿಸಿಲು ಇನ್ನೂ ಎಳೆಯದಾಗಿರುವುದರಿಂದ ಈ ಲೆಕ್ಕ ನಡೆಯುವುದಿಲ್ಲ. ಹಕ್ಕಿ ಬರುವ ಮೊದಲೇ ಅದೇ ಬೆಳಕಲ್ಲಿರುವ ಹುಲ್ಲನ್ನೋ ಕಲ್ಲನ್ನೋ ಒಂದು ಫೋಟೊ ತೆಗೆದು ಹಿಸ್ಟೋಗ್ರಾಮ್ (ಕತ್ತಲು-ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ) ನೋಡುತ್ತೇನೆ. ಬರೀ ಬಿಳಿಯಾದ ಜಾಗವನ್ನು ಸ್ಕ್ರೀನಿನಲ್ಲಿ ಮಿಣುಕಿಸುವ ಹೈಲೈಟ್ ವಾರ್ನಿಂಗ್ ಯಾವಾಗಲೂ ಆನ್. ಗರಿ ಮಿಣುಕಿದರೆ ಐಎಸ್‌ಓ ಇಳಿಸು, ಅಷ್ಟೇ. ಮೋಡ ಬಂದು ಹೋಗುತ್ತಿದ್ದರೆ ಮಾತ್ರ ಆಟೋ ಐಎಸ್‌ಓ ಹಾಕಿ, ಎಕ್ಸ್‌ಪೋಷರ್ ಕಾಂಪೆನ್ಸೇಶನ್ (ಮೀಟರ್ ಹೇಳಿದ್ದಕ್ಕಿಂತ ಬೆಳಕು ಹೆಚ್ಚು ಕಮ್ಮಿ ಮಾಡುವ) ಚಕ್ರದ ಮೇಲೆ ಹೆಬ್ಬೆರಳು ಇಟ್ಟುಕೊಂಡಿರುತ್ತೇನೆ. ಆಕಾಶದ ಮುಂದಿನ ಹದ್ದಿಗೆ ಪ್ಲಸ್ 1ರಿಂದ ಪ್ಲಸ್ 1.7 ಬೇಕಾಗುತ್ತದೆ.

ಫೋಕಸ್ ಯಾಕೆ ಅಷ್ಟು ಕಷ್ಟ ಅನ್ನುವುದಕ್ಕೆ ಒಂದು ಲೆಕ್ಕ. ಚಿಕ್ಕ ಸೆನ್ಸರಿನ ಎಪಿಎಸ್-ಸಿ ಕ್ಯಾಮೆರಾದಲ್ಲಿ 400 ಎಂಎಂ, ಎಫ್/5.6, ಹಕ್ಕಿ 5 ಮೀಟರ್ ದೂರ: ಶಾರ್ಪ್ ಆಗಿ ಬರುವ ಪಟ್ಟಿ ಒಟ್ಟು ಸುಮಾರು 3.5 ಸೆಂಟಿಮೀಟರ್. ಎದೆ ಮೇಲೆ ಫೋಕಸ್ ಬಿದ್ದರೆ ಕಣ್ಣು ಹೋಯಿತು. ನಾನು ಹಕ್ಕಿ ಅಲುಗಿದಂತೆಲ್ಲ ಹಿಂಬಾಲಿಸುವ ಕಂಟಿನ್ಯೂಯಸ್ ಫೋಕಸ್ ಬಿಟ್ಟು ಬೇರೆ ಬಳಸುವುದಿಲ್ಲ, ಅದನ್ನು ಕ್ಯಾಮೆರಾದ ಹಿಂಬದಿಯ ಬಟನ್ನಿಗೆ ಕೊಟ್ಟಿದ್ದೇನೆ. ಕೊಂಬೆಗಳ ನಡುವೆ ಒಂದೇ ಪಾಯಿಂಟ್, ಬಯಲಲ್ಲಿ ಹಾರುವಾಗ ಅಗಲ ಮಾಡಿಕೊಳ್ಳುವುದು. ಹೊಸ ಕ್ಯಾಮೆರಾಗಳ ಕಣ್ಣು ಹುಡುಕುವ ಫೋಕಸ್ ನಿಜಕ್ಕೂ ಒಳ್ಳೇದು, ಆದರೂ ಎದುರಿಗೊಂದು ಕಡ್ಡಿ ಅಡ್ಡ ಬಂದರೆ ಕಡ್ಡಿಗೇ ಅಂಟಿಕೊಳ್ಳುವುದುಂಟು.

ಎಲ್ಲಿ ನಿಲ್ಲಬೇಕು ಅನ್ನುವುದನ್ನು ಗಾಳಿ ಹೇಳುತ್ತದೆ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಎದುರಾಗಿ ಏಳುತ್ತವೆ, ಎದುರಾಗಿಯೇ ಇಳಿಯುತ್ತವೆ. ಗಾಳಿಯೂ ಬಿಸಿಲೂ ನನ್ನ ಬೆನ್ನಿಗಿದ್ದರೆ ಹಕ್ಕಿ ಮುಖ ನನ್ನ ಕಡೆ, ಕಣ್ಣಲ್ಲಿ ಹೊಳಪು. ಇದೊಂದು ಕೂಡಿ ಬಂದರೆ ಅರ್ಧ ಕೆಲಸ ಆದಂತೆ.

ದೂರದ ಹಕ್ಕಿಯನ್ನು ಕ್ರಾಪ್ ಮಾಡಿ ದೊಡ್ಡದು ಮಾಡುವ ಆಸೆ ನನಗಿಲ್ಲ. ನೆಲ ಕಾದ ಮೇಲೆ ನಡುವಿನ ಗಾಳಿಯೇ ಕುಣಿಯುತ್ತಿರುತ್ತದೆ, ಎಷ್ಟೇ ದುಬಾರಿ ಲೆನ್ಸಾದರೂ ಗರಿಯ ಎಳೆ ಬಿಡಿಸಿ ತೋರಿಸುವುದಿಲ್ಲ. ಹತ್ತಿರ ಹೋಗುವ ಬದಲು ಹಕ್ಕಿ ಬರುವ ಜಾಗ ನೋಡಿಕೊಂಡು ಮೊದಲೇ ಕೂರುತ್ತೇನೆ, ಆದಷ್ಟು ಅದರ ಕಣ್ಣಿನ ಮಟ್ಟಕ್ಕೆ. ಮೇಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದೆ ಅಂದರೆ ಜಾಸ್ತಿ ಹತ್ತಿರ ಆಯಿತು ಅಂತಲೇ ಅರ್ಥ, ಹಿಂದಕ್ಕೆ ಸರಿಯುತ್ತೇನೆ. ಗೂಡಿನ ಹತ್ತಿರ ಹೋಗುವುದೇ ಇಲ್ಲ.

ಫೋಟೊ ಆರಿಸುವುದು ಮಾತ್ರ ಮನೆಗೆ ಬಂದ ಮೇಲೆ. ಕ್ಯಾಮೆರಾದ ಪುಟ್ಟ ಸ್ಕ್ರೀನಿನಲ್ಲಿ ಎಲ್ಲವೂ ಶಾರ್ಪ್ ಆಗಿಯೇ ಕಾಣುತ್ತವೆ. ರಾ ಫೈಲನ್ನು (ಕ್ಯಾಮೆರಾ ತಿದ್ದದ ಮೂಲ ಫೈಲು) ನೂರು ಪರ್ಸೆಂಟ್ ಹಿಗ್ಗಿಸಿ ಕಣ್ಣು ನೋಡುತ್ತೇನೆ; ಕಣ್ಣು ಮಸುಕಿದ್ದರೆ ರೆಕ್ಕೆ ಎಷ್ಟು ಚೆಂದ ಬಂದಿದ್ದರೂ ಡಿಲೀಟ್.